ಇಪ್ಪತ್ಮೂರರ ಹೊಟ್ಟೆಯೊಳಗಿನ ಸದ್ದು

ಒಂಬತ್ತನೆಯ ಏಟಿಗೆ ಸದ್ದು ಬದಲಾಯಿತು.

ಎತ್ತಿದ ಸುತ್ತಿಗೆಯನ್ನು ಹಾಗೇ ಹಿಡಿದು ನಿಂತೆ. ಅಲ್ಲಿಯವರೆಗೆ ಇಂಜಿನ್ನಿನ ಬಲಪಕ್ಕೆಯ ನೀರಿನ ತೊಟ್ಟಿ ಖಾಲಿ ಹಂಡೆಯಂತೆ ಬಾಯ್ತುಂಬ ಮಾರ್ದನಿಸಿತ್ತು. ಒಂಬತ್ತನೆಯದರಲ್ಲಿ ಆ ಉಲಿಯ ಬೆನ್ನಿಗೇ ಇನ್ನೊಂದು ಸಣ್ಣ ದನಿ ಬಂತು. ಮುಚ್ಚಿದ ಕೋಣೆಯೊಳಗೆ ಯಾರೋ ಬಳೆಗೈ ಸರಿಸಿದ ಹಾಗೆ.

"ಕೇಳಿಸ್ತಾ?" ಎಂದೆ.

"ನನಗೇನೂ ಕೇಳಿಸ್ಲಿಲ್ಲಪ್ಪ," ಎಂದ ಮುದುಕ ಇವಾಬುಚಿ, ಶೆಡ್ಡಿನ ಒಲೆಯ ಮೇಲೆ ಅಕ್ಕಿಯ ಕಡುಬು ಮಗುಚುತ್ತ. "ನಲವತ್ತು ವರ್ಷ ಬಾಯ್ಲರ್ ಬಡಿದ ಕಿವಿ ಇದು. ಹೆಂಡತಿ ಬೈದದ್ದೂ ಕೇಳಿಸಲ್ಲ. ಪುಣ್ಯ ಅಂದ್ಕೊಳ್ಳಿ."

"ಇನ್ನೊಂದ್ಸಲ ಹೊಡೀರಿ, ಕುಮಗಾಯಿಯವರೇ," ಎಂದಳು ಸಾಯೊ.

ಹೊಡೆದೆ. ಬಂತು. ಈ ಸಲ ಅವಳೂ ಕೇಳಿದಳು. ಬಿಳಿಯ ಕೈಗವಸು ತೊಟ್ಟ ಅವಳ ಬೆರಳು ತಾನಾಗಿಯೇ ಎದ್ದು ತೊಟ್ಟಿಯ ಆ ಜಾಗವನ್ನು ತೋರಿತು. "ಸದ್ದು, ಇದೆ!" ಎಂದು ಬಾಯಿ ಕೂಗಿತು. ಕೂಗಿದ ಮೇಲೆ ನಾಚಿಕೊಂಡಳು.

ನಾಚುವುದೇನಿರಲಿಲ್ಲ. ಯುಕಿಶಿರೊ ರೈಲ್ವೆಯಲ್ಲಿ ಬಂಡಿ ನಡೆಸುವವರೆಲ್ಲರ ಒಡಲಿನ ಅಭ್ಯಾಸ ಅದು. ಕಂಡದ್ದಕ್ಕೆ ಬೆರಳು ತೋರಬೇಕು, ಬಾಯಿಬಿಟ್ಟು ಕೂಗಬೇಕು. ಕೂಗದಿದ್ದರೆ ಕಂಡಂತಲ್ಲ.

ಈ ರೈಲ್ವೆಯ ಹಳಿ, ಚಕ್ರ, ಸೇತುವೆಗಳನ್ನು ತಟ್ಟಿ ಒಳಗಿನ ಬಿರುಕನ್ನು ಕಿವಿಯಿಂದ ಹಿಡಿಯುವುದು ಮೂವತ್ತು ವರ್ಷ ನನ್ನ ಕೆಲಸವಾಗಿತ್ತು. ಈಗ ನಲವತ್ತೊಂದು ವರ್ಷ ಹಳೆಯ ಬಿರುಕೊಂದನ್ನು ಹುಡುಕಲು ಕರೆಸಿದ್ದಾರೆ. ಈ ಇಂಜಿನ್ನಿನ ಹಣೆಯ ಹಿತ್ತಾಳೆ ಫಲಕ ಹದಿನೇಳು ಎನ್ನುತ್ತಿದ್ದರೂ ಚಕ್ರಗಳನ್ನು ಕೂಡಿಸುವ ಉಕ್ಕಿನ ತೋಳಿನ ಮೇಲೆ ಇಪ್ಪತ್ಮೂರು ಎಂಬ ಅಚ್ಚು ಮೊನ್ನೆ ಕಂಡಾಗಿನಿಂದ ನನಗೂ ಸಾಯೊಗೂ ಸರಿಯಾಗಿ ಊಟ ಸೇರಿಲ್ಲ.

ಯಾಕೆಂದರೆ ಇಪ್ಪತ್ಮೂರು ಸಾಯೊಳ ತಂದೆಯ ಇಂಜಿನ್ನು. ಅದನ್ನು ಕತ್ತರಿಸಿ ಗುಜರಿಗೆ ಹಾಕಿದ್ದೇವೆ ಎಂದು ರೈಲ್ವೆಯ ಕಾಗದ ಹೇಳುತ್ತದೆ.

ಆ ತಂದೆ ಒಲೆಯ ಪಕ್ಕದಲ್ಲೇ ಕೂತಿದ್ದರು. ನುಮಾಕುರಾ ಗೆನ್‌ಕಿಚಿ, ಎಂಬತ್ತೈದು ವರ್ಷ. ಬೆಳಗಿನ ಡೀಸೆಲ್ ಬಂಡಿ ಓಡಿಸಿ ಬರುವಾಗ ಸಾಯೊ ಅವರನ್ನೂ ಜೊತೆಗೆ ಕರೆತಂದಿದ್ದಳು. ಬಂದವರು ಯಾರಿಗೂ ನಮಸ್ಕಾರ ಹೇಳಲಿಲ್ಲ. ಟೋಪಿ ತೆಗೆದರು. ಜೇಬಿನಿಂದ ಹಳೆಯ ಕೈಗವಸು ತೆಗೆದು ತೊಟ್ಟರು. ಆ ಕರಿಯ ಇಂಜಿನ್ನಿಗೆ ಎಡದಿಂದ ಬಲಕ್ಕೆ ಒಂದು ಸುತ್ತು ಬಂದರು. ಒಂದೊಂದು ಚಕ್ರದ ಮುಂದೆಯೂ ನಿಂತರು, ಮುಟ್ಟಿದರು. ಪ್ರತಿ ಚಕ್ರವೂ ಅವರ ಎದೆಯೆತ್ತರ.

ಆಗ ಶೆಡ್ಡಿನ ತಗಡಿನ ಮಾಡಿನಿಂದ ಕರಗಿದ ಹಿಮ ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನಿರಲಿಲ್ಲ. ಶಾಲೆಯ ಅಂಗಳದಲ್ಲಿ ನಲವತ್ತು ವರ್ಷ ಮಕ್ಕಳು ಹತ್ತಿ ಜಾರಿ ಆಡಿದ ಕಬ್ಬಿಣ ಅದು. ಬೆಂಕಿಯಿಲ್ಲ, ನೀರಿಲ್ಲ, ಉಸಿರಿಲ್ಲ. ಆದರೂ ಮುದುಕನ ಅಂಗೈ ತಾಗಿದಲ್ಲೆಲ್ಲ ಅದು ಕಿವಿ ನಿಮಿರಿಸಿದಂತೆ ನನಗೆ ತೋರಿತು. ದೊಡ್ಡದರ ಮುಂದೆ ಮನುಷ್ಯ ಸುಮ್ಮನಾಗುತ್ತಾನೆ. ಸುಮ್ಮನಾದವನ ಮುಂದೆ ದೊಡ್ಡದೂ ಸುಮ್ಮನಾಗುವುದನ್ನು ನಾನು ಕಂಡದ್ದು ಅಂದೇ.

"ಅಜ್ಜಾ, ಫಲಕ ಬದಲಾಯಿಸಿದ್ದು ನೀವೇ ತಾನೇ?" ಎಂದು ಇವಾಬುಚಿಯನ್ನು ಕೇಳಿದೆ. ಆ ಕಾಲಕ್ಕೆ ಈ ಶೆಡ್ಡಿನ ಮೇಸ್ತ್ರಿ ಆತ.

"ನಾನೊಬ್ಬನೇ ಅಲ್ಲ. ಶೆಡ್ಡಿನ ಒಂಬತ್ತೂ ಜನ." ಕಡುಬನ್ನು ಊದಿಕೊಂಡ. "ಅಪಘಾತದ ಇಂಜಿನ್ನು ಕಣ್ಣಿಗೆ ಬೀಳಬಾರದು, ಕತ್ತರಿಸಿ ಅಂತ ಮೇಲಿಂದ ಕಾಗದ ಬಂತು. ಇಪ್ಪತ್ಮೂರಕ್ಕೆ ಏನಾಗಿತ್ತು? ಮೂತಿಯ ತೊಲೆ ಬಗ್ಗಿತ್ತು, ಅಷ್ಟೇ. ಪಕ್ಕದಲ್ಲಿ ಹದಿನೇಳು ನಿಂತಿತ್ತು, ಸೋರೋ ಬಾಯ್ಲರಿನ ಮುದಿ ಎಮ್ಮೆ. ಅದರ ಫಲಕ ಇದಕ್ಕೆ, ಇದರದ್ದು ಅದಕ್ಕೆ. ಕತ್ತರಿಸೋಕೆ ಬಂದೋರು ಫಲಕ ನೋಡಿದ್ರು, ಕತ್ತರಿಸಿದ್ರು, ಚಹಾ ಕುಡಿದು ಹೋದ್ರು."

"ತೋಳಿನ ಮೇಲಿನ ಅಚ್ಚು ಯಾಕೆ ಉಜ್ಜಿಹಾಕಲಿಲ್ಲ? ಉಜ್ಜಿದ್ದರೆ ಯಾರಿಗೂ ಎಂದೂ ತಿಳೀತಿರಲಿಲ್ಲ."

ಇವಾಬುಚಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಉಜ್ಜೋದಾ? ಫಲಕ ಅಂದ್ರೆ ಅಂಗಿ, ಕುಮಗಾಯಿ. ಅಚ್ಚು ಅಂದ್ರೆ ಹುಟ್ಟುಮಚ್ಚೆ. ಅಂಗಿ ಬದಲಾಯಿಸಬಹುದು. ನೀನು ಸುತ್ತಿಗೆಯವನು, ನಿನಗೆ ಹೇಗೆ ತಿಳೀಬೇಕು."

ಇಂಜಿನ್ನು ಉಳಿದದ್ದು ಒಂಬತ್ತು ಜನರ ಮೋಹದಿಂದ. ಗುಟ್ಟು ಹೊರಬಿದ್ದದ್ದೂ ಅದೇ ಮೋಹದಿಂದ.

ತೊಟ್ಟಿಯ ಬಾಯಿಗೆ ಮಕ್ಕಳು ಬೀಳದಿರಲೆಂದು ಶಾಲೆಯವರು ಬೆಸುಗೆ ಹಾಕಿಸಿದ್ದರು. ಇವಾಬುಚಿ ಏಣಿ ಹತ್ತಿ ಬೆಸುಗೆ ಕೊಯ್ಯತೊಡಗಿದ. ಕಿಡಿ ಹಾರಿತು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

"ಏನು ನಡೀತಿದೆ ಇಲ್ಲಿ?"

ಚಿದಾ ತೊಮೊಹರು. ಇಂಜಿನ್ನನ್ನು ಮತ್ತೆ ಓಡಿಸಬೇಕೆಂದು ಊರೂರು ಸುತ್ತಿ ಜನ ಕೂಡಿಸಿದ ಸಂಘದ ಅಧ್ಯಕ್ಷ. ನಲವತ್ತೊಂದು ವರ್ಷದ ಹಿಂದೆ ತೊಚಿನಾಯಿ ನಿಲ್ದಾಣದಲ್ಲಿ ಸಹಾಯಕ ಸ್ಟೇಷನ್ ಮಾಸ್ಟರ್ ಆಗಿದ್ದ, ಇಪ್ಪತ್ತೆರಡರ ಯುವಕ.

"ಆ ತೊಟ್ಟಿ ನಾಳೆ ಲಾರಿಯಲ್ಲಿ ಹೋಗುತ್ತೆ. ಬಿಚ್ಚೋದು ಬೇಡ ಅಂತ ಹೇಳಿದ್ದೆನಲ್ಲ?" ಎಂದ. "ಮತ್ತೆ ಈ ಇಪ್ಪತ್ಮೂರು ಅನ್ನೋ ಮಾತು ಪತ್ರಿಕೆಗೆ ಹೋಗ್ಬಾರದು. ಹದಿನೇಳು ಅಂತಲೇ ಇರಲಿ. ಇಬ್ಬರು ಸತ್ತ ಇಂಜಿನ್ನನ್ನ ನೋಡೋಕೆ ಯಾರು ಬರ್ತಾರೆ?"

"ನಾನು ಬಂದಿದ್ದೀನಿ," ಎಂದರು ಗೆನ್‌ಕಿಚಿ, ಒಲೆಯ ಕಡೆಯಿಂದ.

ಗೆನ್‌ಕಿಚಿ ಅಲ್ಲಿರುವುದನ್ನು ಚಿದಾ ಕಂಡದ್ದು ಆಗಲೇ.

ಮುಚ್ಚಳ ಕಳಚಿತು. ಇವಾಬುಚಿ ಇಳಿದ, ನಾನು ಹತ್ತಿ ಉದ್ದ ಕೊಕ್ಕೆಯನ್ನು ಇಳಿಬಿಟ್ಟೆ. ಒಣಗಿದ ತುಕ್ಕಿನ ಹೊಟ್ಟು, ಹಕ್ಕಿಪುಕ್ಕ. ಆಮೇಲೆ ಕೊಕ್ಕೆಗೆ ಏನೋ ತೊಡರಿತು. ಎಳೆದೆ.

ಚರ್ಮ ಸುತ್ತಿದ ದೊಡ್ಡ ತಂತಿಯ ಬಳೆ. ಬಳೆಗೆ ಜೋತ ಚರ್ಮದ ಚೀಲ. ಚೀಲದ ಬಾಯಿಗೆ ಕರಿಗಟ್ಟಿದ ಬಟ್ಟೆಪಟ್ಟಿಯ ಕಟ್ಟು.

ಅದೇನೆಂದು ಆ ಶೆಡ್ಡಿನಲ್ಲಿ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಒಂಟಿ ಹಳಿಯ ನಮ್ಮ ಕಣಿವೆಯಲ್ಲಿ ಬಂಡಿ ನಡೆಯುವುದು ಆ ಚೀಲದೊಳಗಿನ ಹಿತ್ತಾಳೆಯ ಬಿಲ್ಲೆಯ ಆಣತಿಯಿಂದ. ಬಿಲ್ಲೆ ಯಾರ ಕೈಯಲ್ಲಿದೆಯೋ ದಾರಿ ಅವನದು. ಎದುರಿಂದ ಇನ್ನೊಂದು ಬಂಡಿ ಬರಲಾರದು. ಶಿರಾಸೆಯಿಂದ ತೊಚಿನಾಯಿವರೆಗಿನ ಕೆಳದಾರಿಯ ಬಿಲ್ಲೆಗೆ ನಡುವೆ ದುಂಡು ತೂತು. ತೊಚಿನಾಯಿಯಿಂದ ಮುಂದೆ ಕಾಮಿನೊವರೆಗಿನ ಮೇಲುದಾರಿಗೆ ಮುಕ್ಕೋನದ ತೂತು. ತೊಚಿನಾಯಿಯಲ್ಲಿ ದುಂಡನ್ನು ಕೊಟ್ಟು ಮುಕ್ಕೋನ ಪಡೆಯಬೇಕು. ತೂತಿಗೆ ಬೆರಳು ತೋರಿ ಕೂಗಬೇಕು. ಆಮೇಲೆ ಹೊರಡಬೇಕು.

ಆ ಫೆಬ್ರವರಿಯ ಹಿಮದಲ್ಲಿ ಗೆನ್‌ಕಿಚಿಯ ಗೂಡ್ಸು ಮುಕ್ಕೋನದ ಬಿಲ್ಲೆಯಿಲ್ಲದೆ ಮೇಲುದಾರಿಗೆ ನುಗ್ಗಿತು. ಎದುರಿಂದ ಬಂದ ಪ್ರಯಾಣಿಕರ ಬಂಡಿಗೆ ಮುಖಾಮುಖಿಯಾಯಿತು. ಇಬ್ಬರು ಸತ್ತರು. 'ಬಿಲ್ಲೆ ಪಡೆಯದೆ ಬಂಡಿ ಬಿಟ್ಟವನು' ಎಂಬ ಮಾತನ್ನು ಗೆನ್‌ಕಿಚಿ ಅಂದಿನಿಂದ ಹೊತ್ತಿದ್ದಾರೆ. ಆರು ವರ್ಷದ ಸಾಯೊ ಅದನ್ನು ಹೊತ್ತೇ ಶಾಲೆಗೆ ಹೋದಳು, ಹೊತ್ತೇ ಡ್ರೈವರ್ ಪರೀಕ್ಷೆ ಕಟ್ಟಿದಳು. ಈ ಗುರುವಾರ ರೈಲ್ವೆಯ ಸಮಿತಿ ಹಳೆಯ ಕಡತವನ್ನು ಕೊನೆಯ ಸಲ ತೆರೆಯುತ್ತದೆ. ನನ್ನ ವರದಿಯಲ್ಲಿ ಏನಿದೆಯೋ ಅದೇ ಉಳಿಯುತ್ತದೆ. ಅಪ್ಪನ ಕಿವಿ ಇನ್ನೂ ಕೇಳುತ್ತಿರುವಾಗಲೇ ಅಪ್ಪನ ಹೆಸರು ತೊಳೆದುಬರಲಿ ಎಂಬುದೊಂದೇ ಅವಳ ಹರಕೆ.

ಗಂಟು ಬಿಚ್ಚಿ, ಪಟ್ಟಿಯನ್ನು ಮೇಜಿನ ಮೇಲಿಟ್ಟು, ಚೀಲ ಮಗುಚಿದೆ. ಅಂಗೈಯಗಲದ ಬಿಲ್ಲೆ ಜಾರಿಬಂತು. ಹೆಬ್ಬೆರಳಿಂದ ಒರೆಸಿದೆ.

ದುಂಡು ತೂತು.

"ಅಯ್ಯೋ," ಎಂದಳು ಸಾಯೊ. ಮುಕ್ಕೋನವಾಗಿರಲಿ ಎಂದು ಅವಳು ಎಷ್ಟು ಬೇಡಿಕೊಂಡಿದ್ದಳೋ, ಆ ಒಂದು ಸದ್ದಿನಲ್ಲೇ ಗೊತ್ತಾಯಿತು.

ಚಿದಾ ಉಸಿರು ಬಿಟ್ಟ. "ನೋಡಿದ್ರಾ. ಹಳೇ ಗಾಯ ಕೆದಕಿ ಏನು ಬಂತು?"

"ನಿಮ್ಮ ಹೇಳಿಕೆ ನನ್ನ ಜೇಬಿನಲ್ಲಿದೆ, ಚಿದಾ ಅವರೇ." ಕಾಗದ ಬಿಡಿಸಿ ಓದಿದೆ. "'ಡ್ರೈವರ್ ದುಂಡು ಬಿಲ್ಲೆಯ ಬಳೆಯನ್ನು ಪ್ಲಾಟ್‌ಫಾರ್ಮಿನತ್ತ ಎಸೆದರು. ಅದು ಹಿಮದಲ್ಲಿ ಹೂತುಹೋಯಿತು. ನಾನು ಮುಕ್ಕೋನದ ಬಿಲ್ಲೆ ಕೊಡುವ ಮೊದಲೇ ಬಂಡಿ ಬಿಟ್ಟರು. ಪ್ಲಾಟ್‌ಫಾರ್ಮಿನಲ್ಲಿ ಇದ್ದವನು ನಾನೊಬ್ಬನೇ.' ಹಿಮದಲ್ಲಿ ಹೂತದ್ದು ಇಂಜಿನ್ನಿನ ಹೊಟ್ಟೆಗೆ ಹೇಗೆ ಬಂತು?"

"ಎಸೆದೇ ಇರಲಿಲ್ಲ ಅಂತಾಯ್ತು. ಕೈಯಲ್ಲೇ ಇಟ್ಕೊಂಡು ನುಗ್ಗಿದ್ದಾರೆ. ತಪ್ಪು ಇನ್ನೂ ದೊಡ್ಡದಾಯ್ತು, ಅಷ್ಟೇ."

"ಎಸೆದದ್ದನ್ನ ಕಣ್ಣಾರೆ ಕಂಡೆ ಅಂತ ಆಣೆಯಿಟ್ಟು ಹೇಳಿದ್ದೀರಿ."

"ಹಿಮ ಬೀಳ್ತಿತ್ತು. ನಲವತ್ತೊಂದು ವರ್ಷ ಆಯ್ತಲ್ಲಾ ಸ್ವಾಮಿ."

"ಹಾಗಾದ್ರೆ ಇದನ್ನ ನೋಡಿ." ಚೀಲ ತೋರಿಸಿದೆ. "ಗುಂಡಿ ಕಿತ್ತುಹೋಗಿದೆ. ಬಿಲ್ಲೆ ಬೀಳದ ಹಾಗೆ ಯಾರೋ ಬಟ್ಟೆಯಿಂದ ಬಾಯಿ ಕಟ್ಟಿದ್ದಾರೆ. ಎರಡು ಸುತ್ತು, ಒಂದು ಗಂಟು, ತುದಿ ಒಳಗೆ ಮಡಿಸಿ. ಓಡೋ ಇಂಜಿನ್ನಿನಲ್ಲಿ ದಪ್ಪ ಕೈಗವಸಿನ ಕೈ ಹಾಕೋ ಗಂಟಲ್ಲ ಇದು. ನೆಲದ ಮೇಲೆ ನಿಂತು, ಬರಿಗೈಲಿ ಹಾಕಿದ್ದು."

"ಶಿರಾಸೆಯಲ್ಲಿ ಹಾಕಿರಬಹುದು."

"ಶಿರಾಸೆಯ ಪುಸ್ತಕ ನೋಡಿ ಬಂದಿದ್ದೀನಿ. 'ಚೀಲ, ಗುಂಡಿ ಸರಿ' ಅಂತ ಬರೆದಿದೆ. ಅಂದ್ರೆ ತೊಚಿನಾಯಿಯಲ್ಲಿ ಈ ಬಳೆ ಇಂಜಿನ್ನಿನಿಂದ ಇಳೀತು, ಒಬ್ಬರ ಕೈಗೆ ಹೋಯ್ತು, ಮತ್ತೆ ಹತ್ತಿತು. ಬಿಲ್ಲೆ ಪಡೆಯದೆ ಹೊರಟವರಲ್ಲ ಇವರು. ಪಡೆದರು. ಇವರು ಕೊಟ್ಟ ಬಿಲ್ಲೆಯನ್ನೇ ಇವರಿಗೆ ವಾಪಸು ಕೊಟ್ಟರು. ಆ ಪ್ಲಾಟ್‌ಫಾರ್ಮಿನಲ್ಲಿ ಇದ್ದವರು ನೀವೊಬ್ಬರೇ."

"ನಾನಲ್ಲ."

"ಮತ್ತೆ ಯಾರು?"

"ನಾನಲ್ಲ! ನಾನು ಅಲ್ಲಿರಲೇ ಇಲ್ಲ!"

ಮಾಡಿನ ತಗಡಿಗೆ ಬಡಿದು ಅವನ ಮಾತು ಅವನಿಗೇ ವಾಪಸು ಬಂತು. ಇವಾಬುಚಿಯ ಕಿವಿಗೂ ಅದು ಕೇಳಿಸಿರಬೇಕು, ಕಡುಬು ಕೆಳಗಿಟ್ಟ.

ಚಿದಾ ಹಲಗೆಯ ಮೇಲೆ ಕುಸಿದು ಕೂತ. ಮಾತು ಸಣ್ಣಗಾಯಿತು. "ಸ್ಟೇಷನ್ ಮಾಸ್ಟರಿಗೆ ಜ್ವರ. ಹಳಿ ಕೂಡೋ ಜಾಗದಲ್ಲಿ ಹಿಮ ಗಟ್ಟಿಯಾಗಿತ್ತು. ಸಲಿಕೆ ತಗೊಂಡು ನಾನೊಬ್ಬನೇ ಕೆರೆಯೋಕೆ ಹೋದೆ. ಗೂಡ್ಸು ಬಂದು ನಿಲ್ಲುತ್ತೆ, ನಾನು ಬರೋ ತನಕ ಕಾಯುತ್ತೆ ಅಂದ್ಕೊಂಡೆ. ಬಂದು ನೋಡ್ತೀನಿ, ಬಂಡಿ ಇಲ್ಲ. ದುಂಡು ಬಿಲ್ಲೆಯೂ ಇಲ್ಲ. ಜಾಗ ಬಿಟ್ಟಿದ್ದೆ ಅಂತ ತಿಳಿದ್ರೆ ಕೆಲಸ ಹೋಗ್ತಿತ್ತು. ಹಿಮದಲ್ಲಿ ಬಿತ್ತು ಅಂದುಬಿಟ್ಟೆ." ಗೆನ್‌ಕಿಚಿಯ ಕಡೆ ತಿರುಗಿ ನೆಲಕ್ಕೆ ಹಣೆಯಿಟ್ಟ. "ನೀವು ಸುಳ್ಳು ಅನ್ನಲಿಲ್ಲ. ಅಂದಿದ್ರೆ ಒಪ್ಕೊಳ್ತಿದ್ದೆ. ಯಾಕೆ ಅನ್ನಲಿಲ್ಲ ನುಮಾಕುರಾ ಅವರೇ? ಯಾಕೆ ಅನ್ನಲಿಲ್ಲ?"

ಸಾಯೊ ಅಪ್ಪನ ಮುಂದೆ ಮಂಡಿಯೂರಿದಳು. ನಗುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. "ಕೇಳಿದ್ಯಾ ಅಪ್ಪಾ? ನೀನು ನುಗ್ಗಲಿಲ್ಲ. ಕೊಟ್ಟರು, ನೀನು ತಗೊಂಡೆ. ಗುರುವಾರ ಇದನ್ನೇ ಹೇಳ್ತಾರೆ ಕುಮಗಾಯಿಯವರು. ಅಲ್ವಾ? ಇಷ್ಟೇ ಸಾಕಲ್ವಾ?"

ಸಾಕಾಗಿರಲಿಲ್ಲ. ಬಿರುಕಿನ ಒಂದು ತುದಿ ಸಿಕ್ಕರೆ ಇನ್ನೊಂದು ತುದಿಯವರೆಗೂ ತಟ್ಟದೆ ನನ್ನ ಕೈ ನಿಲ್ಲುವುದಿಲ್ಲ. ಅಂಥ ಕೈಯನ್ನು ಆ ಬೆಳಿಗ್ಗೆ ನಾನೇ ಶಪಿಸಿಕೊಂಡೆ.

"ಒಂದು ಪ್ರಶ್ನೆ ಉಳಿದಿದೆ," ಎಂದೆ. "ಇದನ್ನ ತೊಟ್ಟಿಗೆ ಹಾಕಿದ್ದು ಯಾರು? ಬೆಂಕಿ ಹಾಕ್ತಿದ್ದ ಆಳು, 'ಬಗ್ಗಿ ಕಲ್ಲಿದ್ದಲು ಎಸೀತಿದ್ದೆ, ಏನೂ ನೋಡಲಿಲ್ಲ' ಅಂದಿದ್ದ. ಅವನೀಗ ಇಲ್ಲ."

"ನಾನು," ಎಂದರು ಗೆನ್‌ಕಿಚಿ.

ಸಾಯೊಳ ನಗು ಮುಖದ ಮೇಲೆಯೇ ನಿಂತುಹೋಯಿತು.

"ಡಿಕ್ಕಿಯಾದ ಮೇಲೆ ಬಿಲ್ಲೆ ನೋಡಿದೆ. ಚೀಲದ ಕಟ್ಟು ಸರಿಸಿ ನೋಡಿದೆ. ದುಂಡು. ಜನ ಓಡಿ ಬರೋ ಮುಂಚೆ ಹತ್ತಿ ತೊಟ್ಟಿಯೊಳಗೆ ಬಿಟ್ಟೆ. ಸದ್ದಾಯ್ತು." ಅವರು ನನ್ನನ್ನು ನೋಡಿದರು. "ನೀವು ಇವತ್ತು ಕೇಳಿದ್ರಲ್ಲ, ಆ ಸದ್ದು. ನಾನು ದಿನಾ ಕೇಳ್ತೀನಿ."

"ನಿಮ್ಮನ್ನ ಉಳಿಸೋ ವಸ್ತುವನ್ನ ನೀವೇ ಮುಳುಗಿಸಿದ್ರಾ?"

"ತೂತು ನೋಡದೆ ಹೊರಟೆ. ಕೂಗಲಿಲ್ಲ. ತಪ್ಪು ನನ್ನದು. ಹಾಗೇ ಬರ್ಕೊಳ್ಳಿ."

ಇದನ್ನು ನಂಬುವುದು ಹೇಗೆ? ಚಹಾದ ಬಟ್ಟಲಿಗೂ ಬೆರಳು ತೋರಿ 'ಬಿಸಿ, ಸರಿ' ಎಂದು ಕೂಗಿ ಕುಡಿಯುವ ಮನುಷ್ಯ ಅವರು. ಇಂದಿಗೂ ಬೆಳಿಗ್ಗೆ ಐದೂ ನಲವತ್ತಕ್ಕೆ ಗಡಿಯಾರಕ್ಕೆ ಕೀಲಿ ಕೊಟ್ಟು, ಕಿಟಕಿಯಾಚೆಯ ಬೀದಿಗೆ ಬೆರಳು ತೋರಿ, ದಾರಿ ಖಾಲಿ ಎಂದು ಕೂಗುತ್ತಾರೆಂದು ಸಾಯೊ ಹೇಳಿದ್ದಳು. ಇಂಥವರು ಜನ್ಮದಲ್ಲಿ ಒಂದೇ ಒಂದು ಸಲ ನೋಡದೆ ತೆಗೆದುಕೊಂಡರು.

"ಯಾಕೆ ನೋಡಲಿಲ್ಲ?" ಎಂದೆ.

ಗೆನ್‌ಕಿಚಿ ಇಂಜಿನ್ನಿನ ಕಡೆ ತಿರುಗಿದರು.

"ಮನೆಯಿಂದ ಬಂದ ಊಟದ ಗಂಟನ್ನ ಬಿಚ್ಚಿ ನೋಡಿ ತಗೋತೀರಾ ನೀವು?"

ಶೆಡ್ಡಿನಲ್ಲಿ ಆ ಮಾತು ತಿಳಿದದ್ದು ಮೊದಲು ಇವಾಬುಚಿಗೆ. ಅವನು ಏಣಿಯ ಕಾಲು ಹಿಡಿದುಕೊಂಡ. ನನಗೆ ತಿಳಿಯುವ ಹೊತ್ತಿಗೆ ಸಾಯೊ ಮೇಜಿನ ಹತ್ತಿರ ಹೋಗಿಯಾಗಿತ್ತು.

ಅವಳು ಆ ಬಟ್ಟೆಪಟ್ಟಿಯನ್ನು ಎತ್ತಿಕೊಂಡಳು. ಬಾಗಿಲ ಬೆಳಕಿಗೆ ಹಿಡಿದು ಕೈಯಿಂದ ತಿಕ್ಕಿದಳು. ತುಕ್ಕಿನ ಪುಡಿ ಉದುರಿತು. ಕೆಳಗೆ ನೀಲಿ ಬಟ್ಟೆ. ನೀಲಿಯ ಮೇಲೆ ಬಿಳಿ ದಾರದ ಪುಟ್ಟ ಹೊಲಿಗೆಗಳು, ನಾಲ್ಕು ಎಸಳಿನ ಹೂವಿನ ಸಾಲು. ಕೆಲಸದ ವೇಳೆ ಅಂಗಿಯ ತೋಳನ್ನು ಮೇಲೆ ಕಟ್ಟಿಕೊಳ್ಳಲು ಹೆಂಗಸರು ಹೆಗಲಿಗೆ ಹಾಕುವ ಪಟ್ಟಿಯ ತುಂಡು.

ಅವಳ ಮೊಣಕೈಗೆ ಊಟದ ಗಂಟು ಜೋತಿತ್ತು. ಬೆಳಗಿನಿಂದಲೂ ಜೋತಿತ್ತು, ನಾವೆಲ್ಲ ನೋಡಿದ್ದೆವು, ಯಾರೂ ಕಂಡಿರಲಿಲ್ಲ. ಅದೇ ನೀಲಿ. ಅದೇ ನಾಲ್ಕು ಎಸಳು. ಪ್ರತಿ ಹೂವಿನ ಎಡ ಎಸಳು ಒಂದು ಹೊಲಿಗೆಯಷ್ಟು ಗಿಡ್ಡ.

ಅವಳ ತಾಯಿ ಫುಮಿಯ ಕೈಹೊಲಿಗೆ. ನಾಲ್ಕು ವರ್ಷದ ಹಿಂದೆ ತೀರಿಕೊಂಡ ಫುಮಿ ಹದಿನೆಂಟು ವರ್ಷ ರೈಲ್ವೆ ಗೇಟು ಕಾದಿದ್ದವಳು. ತೊಚಿನಾಯಿ ನಿಲ್ದಾಣದ ಪ್ಲಾಟ್‌ಫಾರ್ಮಿನಿಂದ ಮೂವತ್ತು ಹೆಜ್ಜೆಯ ಗೇಟು. ಚಿದಾ ಇಲ್ಲದ ಆ ಹೊತ್ತಿನಲ್ಲಿ ಬಳೆ ಪಡೆದು, ಚೀಲದ ಬಾಯಿ ಕಟ್ಟಿ, ಗಂಡನ ಕೈಗೆ ಮರಳಿ ಕೊಟ್ಟವಳು ಅವಳೇ.

ಗುರುವಾರದ ವರದಿಯಲ್ಲಿ ಒಂದು ಹೆಸರು ತೊಳೆಯಬೇಕಾದರೆ ಇನ್ನೊಂದು ಹೆಸರು ಬರೆಯಬೇಕು.

ಸಾಯೊಳ ಬಿಳಿಗವಸಿನ ಬೆರಳು ಎದ್ದಿತು. ಪಟ್ಟಿಯನ್ನು ತೋರಿತು. ಊಟದ ಗಂಟನ್ನು ತೋರಿತು. ಮತ್ತೆ ಪಟ್ಟಿಯನ್ನು ತೋರಿತು. ತುಟಿ ತೆರೆಯಿತು.

"ಕೂಗ್ಬೇಡ, ಮಗಾ," ಎಂದರು ಗೆನ್‌ಕಿಚಿ.